ನಮ್ಮ ಜಗಲಿಯ ಹೊಲಿಗೆ

ಗಡಿನಾಡಿನಲ್ಲಿ ಹುಟ್ಟಿದವರಿಗೆ ಎರಡು ಭಾಷೆಗಳು ಎರಡು ಕೈಗಳಂತೆ. ಯಾವುದನ್ನು ಯಾವಾಗ ಕಲಿತೆವೆಂದು ಹೇಳುವುದು ಕಷ್ಟ. ಆದರೆ ಒಮ್ಮೊಮ್ಮೆ ಈ ಎರಡು ಕೈಗಳೂ ಒಂದಕ್ಕೊಂದು ತಾಗಿ ನಗೆಪಾಟಲಾಗುವುದುಂಟು. ತೆಲುಗಿನವರು ‘ಬಟ್ಟಲು ಕುಟ್ಟಾಲಿ’ ಎಂದರೆ ಬಟ್ಟೆ ಹೊಲಿಯಬೇಕು ಎಂದರ್ಥ. ಅದೇ ಮಾತನ್ನು ಬರಿಯ ಕನ್ನಡದ ಕಿವಿಯಿಂದ ಕೇಳಿದರೆ, ಊಟದ ಬಟ್ಟಲನ್ನು ಒರಳಿಗೆ ಹಾಕಿ ಕುಟ್ಟಬೇಕು ಎಂದಾಗುತ್ತದೆ! ನಮ್ಮ ಹೇಮಾವತಿಯ ಮಕ್ಕಳು ಈ ಮಾತಿಗೆ ಇಂದಿಗೂ ನಗುತ್ತಾರೆ. ನಾವೂ ಅವರೊಡನೆ ನಗುತ್ತೇವೆ.

ಹೊಲಿಗೆಯ ಮಾತುಗಳನ್ನೇ ಸ್ವಲ್ಪ ಬಿಡಿಸಿ ನೋಡಿ. ‘ಸೂಜಿ’ ಸಂಸ್ಕೃತದ ‘ಸೂಚಿ’ಯಿಂದ ಬಂದದ್ದು. ‘ದರ್ಜಿ’ ಪಾರಸಿಯ ಮಾತು. ಗುಂಡಿ ಹಾಕುವ ‘ಕಾಜಾ’, ಬಟ್ಟೆಯ ಸುಕ್ಕು ತೆಗೆಯುವ ‘ಇಸ್ತ್ರಿ’ ಇವೆರಡೂ ಹಡಗಿನಲ್ಲಿ ಬಂದ ಪೋರ್ಚುಗೀಸರ ಕೊಡುಗೆ. ‘ಟೇಪು’, ‘ಬಾಬಿನ್’ ಇಂಗ್ಲಿಷಿನವು. ಇವೆಲ್ಲವನ್ನೂ ಕೂಡಿಸುವ ‘ಹೊಲಿಗೆ’ ಎಂಬ ಮಾತು ಮಾತ್ರ ಅಚ್ಚ ಕನ್ನಡದ್ದು. ನಾವು ತೊಡುವ ಅಂಗಿಯಷ್ಟೇ ಅಲ್ಲ, ಅಂಗಿಯ ಬಗ್ಗೆ ಆಡುವ ಮಾತೂ ಹಲವು ತುಂಡುಗಳಿಂದ ಹೊಲಿದದ್ದೇ ಎಂದಾಯಿತು.

ಹೊಲಿಯದೆ ಉಡುವುದೂ ನಮ್ಮ ನಾಡಿನ ಹಳೆಯ ಪದ್ಧತಿಯೇ. ಪಂಚೆ, ಸೀರೆ, ರುಮಾಲು, ಕಂಬಳಿ ಇವಾವುದಕ್ಕೂ ಸೂಜಿ ಬೇಕಿಲ್ಲ. ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿ ಮೆರೆದ ಊರು ನಮ್ಮದು. ಸಿದ್ಧೇಶ್ವರ, ದೊಡ್ಡೇಶ್ವರ ದೇವಾಲಯಗಳ ಕರಿಗಲ್ಲಿನ ವಿಗ್ರಹಗಳ ಮೈಮೇಲೂ ಹೆಚ್ಚಾಗಿ ಕಾಣುವುದು ಸುತ್ತಿ ಉಟ್ಟ ಬಟ್ಟೆ ಮತ್ತು ಅದರ ನೆರಿಗೆ. ಸಾವಿರ ವರ್ಷದ ಹಿಂದಿನ ಶಿಲ್ಪಿ ಕಲ್ಲಿನಲ್ಲಿ ನೆರಿಗೆ ಮೂಡಿಸಿದ ಬಗೆಯನ್ನು ನೋಡುತ್ತ ನಿಂತರೆ, ಬಟ್ಟೆ ಬೀಳುವ ರೀತಿಯನ್ನು ಅವನು ಎಷ್ಟು ಗಮನಿಸಿದ್ದನೆಂಬುದು ತಿಳಿಯುತ್ತದೆ. ಶರಣರಲ್ಲಿ ನೇಯ್ಗೆಯ ಕಾಯಕದ ದೇವರ ದಾಸಿಮಯ್ಯನಂಥವರು ಇದ್ದರು. ಸೂಜಿಕಾಯಕವನ್ನೇ ತಮ್ಮ ಹೆಸರಿನ ಜೊತೆಗೆ ಹೊತ್ತವರೂ ಇದ್ದರು. ಸೂಜಿ ಹಿಡಿಯುವುದು ಸಣ್ಣ ಕೆಲಸವಲ್ಲವೆಂದು ನಮ್ಮ ಹಿರಿಯರು ಎಂದೋ ತೋರಿಸಿಕೊಟ್ಟಿದ್ದಾರೆ.

ಸೂಜಿಗೆ ಯಂತ್ರ ಸೇರಿದ್ದು ತೀರ ಈಚೆಗೆ. ಫ್ರಾನ್ಸಿನ ಥಿಮೊನಿಯೆ ಎಂಬ ದರ್ಜಿ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದು, ಸೈನಿಕರ ಸಮವಸ್ತ್ರ ಹೊಲಿಯಲು ಕಾರ್ಖಾನೆ ತೆರೆದ. ತಮ್ಮ ಹೊಟ್ಟೆಯ ಮೇಲೆ ಹೊಡೆತ ಬಿತ್ತೆಂದು ಹೆದರಿದ ಪ್ಯಾರಿಸಿನ ದರ್ಜಿಗಳು ಒಳನುಗ್ಗಿ ಯಂತ್ರಗಳನ್ನು ಪುಡಿಪುಡಿ ಮಾಡಿದರು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿಯೂ, ಐಸಾಕ್ ಸಿಂಗರ್ 1851ರಲ್ಲಿಯೂ ತಮ್ಮ ತಮ್ಮ ಯಂತ್ರಗಳಿಗೆ ಹಕ್ಕುಪತ್ರ ಪಡೆದರು. ನಮ್ಮ ದೇಶದಲ್ಲಿ 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ‘ಉಷಾ’ ಯಂತ್ರ ತಯಾರಾಗತೊಡಗಿತು.

ಯಂತ್ರಗಳನ್ನು ಅಷ್ಟಾಗಿ ಮೆಚ್ಚದ ಗಾಂಧೀಜಿಯವರನ್ನು 1924ರಲ್ಲಿ ಜಿ. ರಾಮಚಂದ್ರನ್ ಎಂಬ ವಿದ್ಯಾರ್ಥಿ, ನೀವು ಎಲ್ಲ ಯಂತ್ರಗಳನ್ನೂ ವಿರೋಧಿಸುವಿರಾ ಎಂದು ಕೇಳಿದಾಗ, ಅವರು ಹೊಲಿಗೆ ಯಂತ್ರವನ್ನು ಹೊರತಾಗಿಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಆ ಯಂತ್ರವನ್ನು ಮಾಡಿದನೆಂಬುದು ಅವರು ಕೊಟ್ಟ ಕಾರಣ. ಮನುಷ್ಯನ ಮೇಲಿನ ಪ್ರೀತಿಯಿಂದ ಹುಟ್ಟಿದ ಯಂತ್ರವೇ ಬೇರೆ, ದುರಾಸೆಯಿಂದ ಹುಟ್ಟಿದ ಯಂತ್ರವೇ ಬೇರೆ ಎಂಬುದು ಅವರ ಮಾತಿನ ತಿರುಳು.

ಇನ್ನು ನಮ್ಮ ಮನೆಯ ಯಂತ್ರದ ಸಂಗತಿ. ನಮ್ಮ ತಾಯಿಯವರು ಊರು ಬಿಟ್ಟು ಹೋಗುತ್ತಿದ್ದ ಒಂದು ಸಂಸಾರದಿಂದ ಕಡಲೆಕಾಯಿ ಮಾರಿದ ದುಡ್ಡಿನಲ್ಲಿ ಕೊಂಡದ್ದು ಅದು. ಬಂದದ್ದು ಯಂತ್ರದ ತಲೆ ಮಾತ್ರ. ಕಾಲೂ ಇಲ್ಲ, ಹಲಗೆಯೂ ಇಲ್ಲ, ಮುಚ್ಚಳವೂ ಇಲ್ಲ. ಬಲಗೈಯಿಂದ ಹಿಡಿ ತಿರುಗಿಸುವ ಬಗೆಯದು. ಹೊಲಿಗೆ ಯಂತ್ರವನ್ನು ನೆಲದ ಮೇಲೆ ಹಾಗೇ ಇಟ್ಟರೆ ನಡೆಯುವುದಿಲ್ಲ. ಅದರ ಹೊಟ್ಟೆಯ ಕೆಳಗೆ ಓಡಾಡುವ ಕಬ್ಬಿಣದ ತುಂಡುಗಳಿಗೆ ಜಾಗ ಬೇಕು. ಆದ್ದರಿಂದ ಎಣ್ಣೆ ಡಬ್ಬಿ ತುಂಬಿ ಬಂದಿದ್ದ ಒಂದು ಮರದ ಪೆಟ್ಟಿಗೆಯನ್ನು ಮಗುಚಿ, ಯಂತ್ರದ ಅಳತೆಗೆ ಮೇಲೊಂದು ಕಿಂಡಿ ಕೊರೆದು, ಅದರ ಮೇಲೆ ಕೂರಿಸಿದೆವು. ವೇಗವಾಗಿ ತಿರುಗಿಸಿದರೆ ಪೆಟ್ಟಿಗೆ ಕುಣಿಯುತ್ತಿತ್ತು. ಪೆಟ್ಟಿಗೆಯ ಎರಡು ಪಕ್ಕಕ್ಕೂ ಮರಳು ತುಂಬಿದ ಚೀಲಗಳನ್ನು ಕಟ್ಟಿದ ಮೇಲೆ ಕುಣಿತ ನಿಂತಿತು.

ಉಳಿದ ಸಾಮಾನುಗಳೂ ಹೀಗೆಯೇ ಕೂಡಿಬಂದವು. ದಾರದ ಉಂಡೆ ನಿಲ್ಲಿಸುವ ಕಡ್ಡಿ ಮುರಿದಿತ್ತು. ಸೈಕಲ್ಲಿನ ಒಂದು ಕಡ್ಡಿ ಆ ಜಾಗಕ್ಕೆ ಬಂತು. ಗುರುತು ಹಾಕಲು ಸೀಮೆಸುಣ್ಣದ ಬದಲು ಸ್ನಾನದ ಸೋಪು ತೇದು ಉಳಿದ ಬಿಲ್ಲೆ. ಬಟ್ಟೆ ತೊಳೆದೊಡನೆ ಗುರುತೂ ಹೋಗುವುದರಿಂದ ಅದಕ್ಕಿಂತ ಒಳ್ಳೆಯ ಸಾಧನವನ್ನು ನಾವು ಇಂದಿಗೂ ಕಂಡಿಲ್ಲ. ಇಸ್ತ್ರಿ ಪೆಟ್ಟಿಗೆಗೆ ಬದಲಾಗಿ ಹಿತ್ತಾಳೆ ಚೊಂಬಿನೊಳಗೆ ನಿಗಿನಿಗಿ ಕೆಂಡ. ಸಂಜೆ ಬೆಳಕು ಕಡಮೆಯಾದರೆ ಊಟದ ಸ್ಟೀಲು ತಟ್ಟೆಯೊಂದನ್ನು ಗೋಡೆಗೆ ಒರಗಿಸಿ, ಇಳಿಬಿಸಿಲನ್ನು ಸೂಜಿಯ ಮೇಲೆ ಬೀಳುವಂತೆ ತಿರುಗಿಸುತ್ತಿದ್ದೆವು. ಹಳೆಯ ಅಂಗಿಗಳ ಗುಂಡಿಗಳೆಲ್ಲ ಒಂದು ಹಾರ್ಲಿಕ್ಸ್ ಸೀಸೆಯಲ್ಲಿ ಸೇರುತ್ತಿದ್ದವು. ಆರು ಗುಂಡಿ ಒಂದೇ ಜಾತಿಯವು ಸಿಕ್ಕಿದ ದಿನ ನಮ್ಮ ಮನೆಯಲ್ಲಿ ಹಬ್ಬ.

ಕತ್ತರಿಸುವ ಮೊದಲು ಕಾಗದದಲ್ಲಿ ಮಾದರಿ ಮಾಡಿಕೊಳ್ಳಬೇಕಲ್ಲವೆ? ಅದಕ್ಕೆ ಹಳೆಯ ವೃತ್ತಪತ್ರಿಕೆಗಳು. ನಮ್ಮ ಊರಿಗೆ ಎರಡು ಭಾಷೆಯ ಪತ್ರಿಕೆಗಳೂ ಬರುತ್ತಿದ್ದುದರಿಂದ, ಅಂಗಿಯ ಬೆನ್ನು ‘ಪ್ರಜಾವಾಣಿ’ಯದಾದರೆ ತೋಳು ‘ಈನಾಡು’ವಿನದು. ನಾವು ತೆಲುಗು ಅಕ್ಷರಗಳನ್ನು ಶಾಲೆಯಲ್ಲಿ ಕಲಿಯುವುದಕ್ಕಿಂತ ಮೊದಲೇ ತೋಳಿನ ಮೇಲೆ ಓದಿದ್ದೆವೆಂದರೆ ಅತಿಶಯೋಕ್ತಿಯಲ್ಲ.

ಮಕ್ಕಳಾಗಿ ನಮಗೆ ಒಪ್ಪಿಸಿದ್ದ ಕೆಲಸ ಸೂಜಿಗೆ ದಾರ ಪೋಣಿಸುವುದು. ಅದನ್ನು ಮಾಡುತ್ತ ಮಾಡುತ್ತ ಯಂತ್ರದ ಗುಟ್ಟೂ ತಿಳಿಯಿತು. ಕೈಸೂಜಿಯ ಕಣ್ಣು ಹಿಂದಿನ ತುದಿಯಲ್ಲಿದ್ದರೆ ಯಂತ್ರದ ಸೂಜಿಯ ಕಣ್ಣು ಮೊನೆಯ ಬಳಿಯೇ ಇರುತ್ತದೆ. ಸೂಜಿ ಬಟ್ಟೆಯ ಕೆಳಗಿಳಿದು ಮೇಲೇಳುವಾಗ ಮೇಲಿನ ದಾರ ಅಲ್ಲೊಂದು ಕುಣಿಕೆಯಾಗುತ್ತದೆ. ಕೆಳಗಿರುವ ಬಾಬಿನ್ನಿನ ದಾರ ಆ ಕುಣಿಕೆಯೊಳಗೆ ಹಾದು ಹೋಗುತ್ತದೆ. ಎರಡೂ ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೇಲಿನ ದಾರದ ಬಿಗಿ ಸಡಿಲವಾದರೆ ಬಟ್ಟೆಯ ಅಡಿಯಲ್ಲಿ ಕುಣಿಕೆಗಳು ಜೋಲುತ್ತವೆ. ಅತಿ ಬಿಗಿಯಾದರೆ ಬಟ್ಟೆ ಸುಕ್ಕುಗಟ್ಟುತ್ತದೆ ಅಥವಾ ದಾರ ತುಂಡಾಗುತ್ತದೆ. ಎರಡು ದಾರಗಳೂ ಸಮನಾಗಿ ಎಳೆದಾಗ ಮಾತ್ರ ಹೊಲಿಗೆ ನಿಲ್ಲುತ್ತದೆ. ಮನೆಯೊಳಗಿನ ಸಂಸಾರಕ್ಕೂ ಈ ಮಾತು ಹೊಂದುತ್ತದೆಂದು ಹಿರಿಯರು ನಗುತ್ತ ಹೇಳುತ್ತಿದ್ದರು.

ಈ ಮರದ ಪೆಟ್ಟಿಗೆಯ ಮೇಲಿನ ಯಂತ್ರ ನಮ್ಮ ಮನೆಗೆ ಏನು ಮಾಡಿತೆಂಬುದಕ್ಕೆ ಒಂದೇ ಸಂಗತಿ ಸಾಕು. 1990ರ ಜೂನ್ ತಿಂಗಳು. ನಮ್ಮ ಅಕ್ಕ ಎಂಟನೆಯ ತರಗತಿಗೆ ಹೋಗಬೇಕಾಗಿತ್ತು. ಹಿಂದಿನ ವರ್ಷದ ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಬಿತ್ತಿದ ಬೀಜಕ್ಕೂ ಸಾಲದಂತಾಗಿತ್ತು. ಹೊಸ ಲಂಗಕ್ಕೆ ಬಟ್ಟೆ ಕೊಳ್ಳುವ ಮಾತೇ ಇರಲಿಲ್ಲ. ತಾಯಿಯವರು ಹೊಲಿಯುವಾಗಲೇ ಲಂಗದ ಅಂಚಿನಲ್ಲಿ ನಾಲ್ಕೈದು ಅಂಗುಲ ಒಳಮಡಿಕೆ ಬಿಟ್ಟಿದ್ದರು. ವರ್ಷಕ್ಕೊಮ್ಮೆ ಒಂದು ಮಡಿಕೆ ಬಿಚ್ಚಿ ಉದ್ದ ಮಾಡುತ್ತಿದ್ದರು. ಆದರೆ ಬಿಚ್ಚಿದ ಮಡಿಕೆಯ ಗೆರೆ ಬಟ್ಟೆಯ ಮೇಲೆ ಹಾಗೇ ಉಳಿಯುತ್ತದೆ. ಮೇಲಿನ ಬಟ್ಟೆ ಬಿಸಿಲಿಗೆ ಮಾಸಿರುತ್ತದೆ, ಒಳಗಿದ್ದ ಬಟ್ಟೆ ಹೊಸದಾಗಿಯೇ ಇರುತ್ತದೆ. ಅಕ್ಕನ ನೀಲಿ ಲಂಗದ ಮೇಲೆ ಅಂತಹ ಮೂರು ಗೆರೆಗಳಿದ್ದವು. ಮೂರು ವರ್ಷದ ಬಡತನವನ್ನು ಯಾರು ಬೇಕಾದರೂ ಎಣಿಸಬಹುದಾಗಿತ್ತು.

‘ಈ ಲಂಗ ಉಟ್ಟು ನಾನು ದೊಡ್ಡ ಸ್ಕೂಲಿಗೆ ಹೋಗುವುದಿಲ್ಲ’ ಎಂದು ಅಕ್ಕ ಕುಳಿತುಬಿಟ್ಟಳು. ಅವಳು ಅತ್ತು ರಂಪ ಮಾಡಲಿಲ್ಲ. ಕಡಲೆಕಾಯಿ ಕಳೆ ಕೀಳಲು ಹೊಲಕ್ಕೆ ಹೋಗುತ್ತೇನೆಂದು ಮಾತ್ರ ಹೇಳಿದಳು. ಆ ಕಾಲದಲ್ಲಿ ನಮ್ಮ ಬೀದಿಯ ಎಷ್ಟೋ ಹೆಣ್ಣುಮಕ್ಕಳ ಓದು ಏಳನೆಯ ತರಗತಿಗೆ ಹೀಗೆಯೇ ಸದ್ದಿಲ್ಲದೆ ನಿಂತುಹೋಗುತ್ತಿತ್ತು. ತಂದೆಯವರು ಏನೂ ಹೇಳಲಿಲ್ಲ. ಹೊಲಕ್ಕೆ ಇನ್ನೊಂದು ಜೊತೆ ಕೈ ಬೇಕಾಗಿದ್ದ ವರ್ಷ ಅದು.

ತಾಯಿಯವರು ಅಂದು ರಾತ್ರಿ ಲಾಟೀನು ಹಚ್ಚಿಟ್ಟು ಪೆಟ್ಟಿಗೆಯ ಮುಂದೆ ಕುಳಿತರು. ತಂದೆಯವರ ಹಳೆಯ ಕಪ್ಪು ಕೊಡೆಯೊಂದು ಕಡ್ಡಿ ಮುರಿದು ಮೂಲೆ ಸೇರಿತ್ತು. ಅದರ ಬಟ್ಟೆಯಲ್ಲಿ ಹರಿಯದೆ ಉಳಿದಿದ್ದ ಭಾಗವನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದಕ್ಕೊಂದು ಕೂಡಿಸಿ, ಆ ಮೂರು ಗೆರೆಗಳ ಮೇಲೆ ಸುತ್ತಲೂ ಮೂರು ಅಂಚುಗಳಾಗಿ ಹೊಲಿದರು. ಬೆಳಗಾಗುವ ಹೊತ್ತಿಗೆ ಅದು ಮಡಿಕೆ ಬಿಚ್ಚಿದ ಲಂಗವಾಗಿರಲಿಲ್ಲ, ಕರಿಯಂಚಿನ ಲಂಗವಾಗಿತ್ತು. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಉಟ್ಟಳು. ಪುಸ್ತಕದ ಚೀಲ ತೆಗೆದುಕೊಂಡು ಹೊರಟಳು. ವಾರ ಕಳೆಯುವುದರೊಳಗೆ ಅವಳ ಗೆಳತಿಯರಿಬ್ಬರು ಅಂತಹುದೇ ಅಂಚು ಬೇಕೆಂದು ನಮ್ಮ ಜಗಲಿಗೆ ಬಂದರು. ಅಕ್ಕ ಹತ್ತನೆಯ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿಯೇ ಓದಿ ಪಾಸು ಮಾಡಿದಳು. ನಮ್ಮ ಮನೆಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣುಮಗಳು ಅವಳೇ.

ಈಗ ಕಾಲ ಬದಲಾಗಿದೆ. ಸಂತೆಯಲ್ಲಿ ಸಿದ್ಧ ಉಡುಪು ರಾಶಿ ಬಿದ್ದಿರುತ್ತದೆ. ಬಳ್ಳಾರಿಯ ಜೀನ್ಸ್ ಊರೂರಿಗೆ ಹೋಗುತ್ತದೆ. ರಾಯದುರ್ಗದಲ್ಲಿ ಎಷ್ಟೋ ಮನೆಗಳು ಸಿದ್ಧ ಉಡುಪಿನ ಹೊಲಿಗೆಯಿಂದಲೇ ಬದುಕುತ್ತವೆ. ಹಿಂದೂಪುರ, ಬೆಂಗಳೂರುಗಳ ಕಾರ್ಖಾನೆಗಳಿಗೆ ನಮ್ಮ ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳು ದುಡಿಯಲು ಹೋಗುತ್ತಾರೆ. ಬಟ್ಟೆ ಕೊಂಡು, ಹೊಲಿಗೆಯ ಕೂಲಿ ಕೊಟ್ಟರೆ ಆಗುವ ಖರ್ಚಿಗಿಂತ ಕಡಮೆಗೆ ಸಿದ್ಧ ಅಂಗಿ ಸಿಗುವಾಗ, ಮನೆಯಲ್ಲಿ ಕುಳಿತು ಹೊಲಿಯುವುದು ಏಕೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದೇ.

ನಮಗೆ ತೋಚುವ ಉತ್ತರ ಇಷ್ಟು. ಕಾರ್ಖಾನೆಯಲ್ಲಿ ಒಬ್ಬರು ದಿನವಿಡೀ ಕಾಲರು ಮಾತ್ರ ಹೊಲಿಯುತ್ತಾರೆ, ಇನ್ನೊಬ್ಬರು ತೋಳು ಮಾತ್ರ ಕೂಡಿಸುತ್ತಾರೆ. ಹತ್ತು ವರ್ಷ ದುಡಿದು ಬಂದ ಒಬ್ಬ ತಾಯಿ ನಮ್ಮೊಡನೆ ಹೇಳಿದ್ದುಂಟು: ಸಾವಿರಾರು ಅಂಗಿಗಳಿಗೆ ಕೈಹಚ್ಚಿದ್ದರೂ ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಹೊಲಿದಿರಲಿಲ್ಲವೆಂದು. ಮನೆಯ ಹೊಲಿಗೆಯಲ್ಲಿ ಅಳತೆ, ಕತ್ತರಿ, ಹೊಲಿಗೆ, ಗುಂಡಿ ಎಲ್ಲವೂ ಒಂದೇ ಕೈಯಲ್ಲಿ. ಮೇಲಾಗಿ ಸಿದ್ಧ ಅಂಗಿಯಲ್ಲಿ ಒಳಮಡಿಕೆ ಇರುವುದು ಕಾಲು ಅಂಗುಲವೋ ಅರ್ಧ ಅಂಗುಲವೋ; ಮಗು ಬೆಳೆದರೆ ಬಿಚ್ಚಲು ಅಲ್ಲಿ ಏನೂ ಇಲ್ಲ. ತಾಯಿ ಹೊಲಿದ ಬಟ್ಟೆಯಲ್ಲಿ ಮುಂದಿನ ವರ್ಷದ ಮಗುವಿಗೂ ಜಾಗವಿರುತ್ತದೆ.

ಮನೆಯ ಹೊಲಿಗೆಯ ಬೆಲೆ ಇಡೀ ರಾಜ್ಯಕ್ಕೆ ತಿಳಿದದ್ದು 2020ರಲ್ಲಿ. ಮಾರ್ಚ್ ಕೊನೆಯಲ್ಲಿ ಕೊರೋನಾ ಕಾರಣದಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಅಂಗಡಿಯಲ್ಲಿ ಮುಖಗವಸು ಸಿಗಲಿಲ್ಲ. ಏಪ್ರಿಲ್ ತಿಂಗಳಲ್ಲಿ ಆಂಧ್ರ ಸರ್ಕಾರ ಪ್ರತಿಯೊಬ್ಬರಿಗೆ ಮೂರರಂತೆ 16 ಕೋಟಿ ಮುಖಗವಸುಗಳನ್ನು ಹಂಚಲು ನಿರ್ಧರಿಸಿ, ಅವನ್ನು ಹೊಲಿಯುವ ಕೆಲಸವನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸಿತು. ದೊಡ್ಡ ದೊಡ್ಡ ಕಾರ್ಖಾನೆಗಳು ಬೀಗ ಹಾಕಿದ್ದಾಗ, ಜಗಲಿಗಳ ಮೇಲಿನ, ಮಂಚದ ಪಕ್ಕದ, ಹಳೆಯ ಕಾಲುಯಂತ್ರಗಳು ಕೈಕೊಡಲಿಲ್ಲ.

ಅದೇ ವರ್ಷದ ಅಕ್ಟೋಬರಿನಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಪುಸ್ತಕ, ಚೀಲ, ಬೂಟುಗಳ ಜೊತೆಗೆ ಮೂರು ಜೊತೆ ಸಮವಸ್ತ್ರದ ಬಟ್ಟೆ ಬರತೊಡಗಿತು. ಮುಂದೆ ಯೋಜನೆಯ ಹೆಸರು ಬದಲಾಯಿತು. ಬಟ್ಟೆ ಬರುವುದು ನಿಲ್ಲಲಿಲ್ಲ. 2022ರ ಏಪ್ರಿಲಿನಲ್ಲಿ ನಮ್ಮ ಮಡಕಶಿರಾ ಸೀಮೆ ಅನಂತಪುರವನ್ನು ಬಿಟ್ಟು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗ ಅನಂತಪುರದಲ್ಲಿಯೇ ಉಳಿಯಿತು. ಎರಡೂ ಕಡೆಯ ಕನ್ನಡ ಶಾಲೆಗಳ ಮಕ್ಕಳ ಕೈಗೂ ಅದೇ ಮಡಿಚಿದ ಬಟ್ಟೆ ಬರುತ್ತದೆ. ಆದರೆ ಬಟ್ಟೆ ಅಂಗಿಯಲ್ಲವಷ್ಟೆ! ಜೂನ್ ತಿಂಗಳಲ್ಲಿ ಒಂದೇ ಬಾರಿಗೆ ಎಲ್ಲ ಮನೆಗಳ ಬಟ್ಟೆಯೂ ಊರಿನ ಒಬ್ಬಿಬ್ಬರು ದರ್ಜಿಗಳ ಮುಂದೆ ಬಂದು ಬೀಳುತ್ತದೆ. ಅವರಾದರೂ ಏನು ಮಾಡಿಯಾರು? ಕೂಲಿ ಹಣ ಕೂಡಿಸಿಕೊಳ್ಳಲು ಕೆಲವು ಮನೆಗಳಿಗೆ ಬಿತ್ತನೆ ಮುಗಿಯಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ ಜುಲೈ ಪೂರ್ತಿ ಸರಿಯಾಗಿ ಶಾಲೆಗೆ ಬರಲಿಲ್ಲ. ಜ್ವರವೆಂದು ಹೇಳುತ್ತಿದ್ದಳು. ಮನೆಗೆ ಹೋಗಿ ವಿಚಾರಿಸಿದಾಗ ಮೂರು ಜೊತೆ ಬಟ್ಟೆಯೂ ಪೆಟ್ಟಿಗೆಯೊಳಗೆ ಮಡಿಕೆ ಬಿಚ್ಚದೆ ಇದ್ದವು. ಬೇರೆಯವರೆಲ್ಲ ಸಮವಸ್ತ್ರದಲ್ಲಿ ನಿಂತಿರುವಾಗ ಪ್ರಾರ್ಥನೆಯ ಸಾಲಿನಲ್ಲಿ ತಾನೊಬ್ಬಳೇ ಬಣ್ಣದ ಬಟ್ಟೆಯಲ್ಲಿ ನಿಲ್ಲಲು ಅವಳಿಗೆ ಮನಸ್ಸಿಲ್ಲ. ಆ ಮಾತು ಕೇಳುತ್ತ ನಮಗೆ ಕರಿಯಂಚಿನ ಲಂಗದ ನೆನಪಾಯಿತು. ಭಾನುವಾರ ಬಟ್ಟೆ ತೆಗೆದುಕೊಂಡು ಬನ್ನಿ ಎಂದು ಅವಳ ತಾಯಿಗೆ ಹೇಳಿದೆವು. ಹಳೆಯ ಯಂತ್ರಕ್ಕೆ ಆ ವೇಳೆಗೆ ಕಾಲು ಬಂದಿತ್ತು. ಶಿರಾದಲ್ಲಿ ಹಳೆಯ ಕಬ್ಬಿಣದ ಅಂಗಡಿಯಲ್ಲಿ ಸಿಕ್ಕ ಒಂದು ತುಳಿಮಣೆಯ ಚೌಕಟ್ಟು, ಅದರ ಮೇಲೆ ಹಳೆಯ ಬಾಗಿಲಿನ ಹಲಗೆ, ತೊಗಲಿನ ಪಟ್ಟಿಯ ಬದಲು ಬಿಗಿಯಾಗಿ ಹೊಸೆದ ನೂಲಿನ ಹುರಿ. ಸೈಕಲ್ ಟ್ಯೂಬು ಹಿಗ್ಗಿ ಜಾರುತ್ತದೆ, ನೂಲಿನ ಹುರಿ ಜಾರುವುದಿಲ್ಲ; ಪ್ರಯತ್ನ ಮಾಡುವವರು ಇದನ್ನು ನೆನಪಿಡಬೇಕು.

ನಮ್ಮ ತಾಯಿಯವರಿಗೆ ಈಗ ಎಪ್ಪತ್ತು ದಾಟಿದೆ. ಕಣ್ಣು ಮಂದ, ಬೆರಳು ಮಂದವಲ್ಲ. ಅವರು ಕುಳಿತಲ್ಲಿಂದಲೇ ಹೇಳಿಕೊಟ್ಟರು. ಆ ಹುಡುಗಿಯ ತಾಯಿ ತಾನೇ ಅಳೆದಳು, ತಾನೇ ಕತ್ತರಿಸಿದಳು, ತಾನೇ ತುಳಿದಳು. ಹುಡುಗಿ ಸೂಜಿಗೆ ದಾರ ಪೋಣಿಸಿದಳು. ಎರಡು ಭಾನುವಾರ ಹಿಡಿಯಿತು. ಮೂರನೆಯ ಭಾನುವಾರ ಆ ತಾಯಿ ಪಕ್ಕದ ಮನೆಯವರನ್ನೂ ಕರೆದುಕೊಂಡು ಬಂದಳು. ಅಂದಿನಿಂದ ಪ್ರತಿ ಜೂನ್, ಜುಲೈ ತಿಂಗಳಲ್ಲಿ ನಮ್ಮ ಜಗಲಿಯಲ್ಲಿ ಯಂತ್ರದ ಸದ್ದು ಇದ್ದೇ ಇರುತ್ತದೆ. ನಾವು ಯಾರಿಗೂ ಹೊಲಿದುಕೊಡುವುದಿಲ್ಲ. ಯಂತ್ರವನ್ನು, ಕತ್ತರಿಯನ್ನು, ಕಾಗದದ ಮಾದರಿಯನ್ನು ಮುಂದಿಡುತ್ತೇವೆ, ಅಷ್ಟೆ. ಹೊಲಿದುಕೊಂಡು ಹೋದವರು ಮುಂದಿನ ವರ್ಷ ಇನ್ನೊಬ್ಬರಿಗೆ ಹೇಳಿಕೊಡುತ್ತಾರೆ.

ವಿದ್ಯಾರ್ಥಿಗಳೇ, ಈ ಕೆಲಸ ಹೆಣ್ಣುಮಕ್ಕಳದೆಂದು ಹುಡುಗರು ದೂರ ಸರಿಯಬೇಕಾಗಿಲ್ಲ. ಊರಿನ ದರ್ಜಿಗಳಲ್ಲಿ ಗಂಡಸರೇ ಹೆಚ್ಚಲ್ಲವೆ? 1937ರಲ್ಲಿ ವಾರ್ಧಾದಲ್ಲಿ ಮೂಲಶಿಕ್ಷಣದ ಯೋಜನೆ ರೂಪುಗೊಂಡಾಗ ಕೈಕೆಲಸವನ್ನು ಪಾಠದ ನಡುವೆಯೇ ಇರಿಸಲಾಯಿತು. ಕೈ ಕಲಿತದ್ದನ್ನು ತಲೆ ಮರೆಯುವುದಿಲ್ಲವೆಂಬುದು ಅಲ್ಲಿನ ತತ್ತ್ವ. ಒಂದು ಅಂಗಿ ಕತ್ತರಿಸುವುದರಲ್ಲಿ ಎಷ್ಟು ಗಣಿತವಿದೆಯೆಂಬುದನ್ನು ನೀವೇ ಮಾಡಿ ನೋಡಬೇಕು. ಸುತ್ತಳತೆಯನ್ನು ನಾಲ್ಕು ಭಾಗ ಮಾಡುವುದು, ಕಂಕುಳ ಬಳಿಯ ಕಮಾನು, ತೋಳಿನ ಇಳಿಜಾರು ಇವೆಲ್ಲ ರೇಖಾಗಣಿತವೇ.

ಕಲಿಯಬೇಕೆನ್ನುವವರಿಗೆ ನಾಲ್ಕು ಮಾತು. ಹತ್ತಿಯ ಬಟ್ಟೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸಿ, ಆಮೇಲೆ ಕತ್ತರಿಸಿರಿ. ಇಲ್ಲದಿದ್ದರೆ ಹೊಲಿದ ಮೇಲೆ ಅದು ಕುಗ್ಗುತ್ತದೆ. ಅಂಗಿಯ ಉದ್ದ ಬಟ್ಟೆಯ ಅಂಚಿನ ಗುಂಟ ಇರಲಿ; ಓರೆಯಾಗಿ ಕತ್ತರಿಸಿದ ಬಟ್ಟೆ ತೊಳೆದಂತೆಲ್ಲ ಜೋಲುತ್ತದೆ. ಎರಡು ಸಲ ಅಳೆದು ಒಂದು ಸಲ ಕತ್ತರಿಸಿರಿ. ತುಂಡುಗಳನ್ನು ಕೈಹೊಲಿಗೆಯಿಂದ ಸಡಿಲವಾಗಿ ಕೂಡಿಸಿ, ತೊಟ್ಟು ನೋಡಿ, ಅನಂತರ ಯಂತ್ರಕ್ಕೆ ಕೊಡಿರಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಹೊಲಿಗೆ ಬಲ್ಲವರು ಹಾಸಿಗೆಗೇ ಒಂದು ತುಂಡು ಕೂಡಿಸಬಲ್ಲರು. ನಮ್ಮ ಅಜ್ಜಿಯರು ಹಳೆಯ ಸೀರೆಗಳಿಂದ ಕೌದಿ ಹೊಲಿದದ್ದು ಹಾಗೆಯೇ ಅಲ್ಲವೆ?

ಸೂಫಿ ಸಂತ ಬಾಬಾ ಫರೀದರಿಗೆ ಯಾರೋ ಕತ್ತರಿಯನ್ನು ಕಾಣಿಕೆಯಾಗಿ ತಂದಾಗ, ತಮಗೆ ಕತ್ತರಿ ಬೇಡ, ಸೂಜಿ ಕೊಡಿ, ತಾವು ಕೂಡಿಸುವವರು ಎಂದರೆಂದು ಒಂದು ಕಥೆಯುಂಟು. ಗಡಿಯಲ್ಲಿ ವಾಸಿಸುವ ನಮಗೆ ಈ ಕಥೆ ಬಹಳ ಹಿಡಿಸುತ್ತದೆ. ಭೂಪಟ ಬರೆಯುವವರು ಕತ್ತರಿ ಹಿಡಿಯಲೇಬೇಕಾಗುತ್ತದೆ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚುವಾಗ ರಾಯದುರ್ಗ ಈ ಕಡೆಗೆ ಬಂತು. ಆದರೆ ಎರಡು ಬಟ್ಟೆ ಕೂಡುವ ಜಾಗದಲ್ಲಿ ಬಟ್ಟೆ ಒಂದು ಪದರವಲ್ಲ, ಎರಡು ಪದರವಿರುತ್ತದೆ. ಅಲ್ಲಿ ಅದು ಸುಲಭವಾಗಿ ಹರಿಯುವುದಿಲ್ಲ. ಎರಡು ಭಾಷೆ ಬಲ್ಲ ನಮ್ಮ ಮಕ್ಕಳು ಅಂತಹ ಜಾಗದಲ್ಲಿ ಬೆಳೆಯುತ್ತಿದ್ದಾರೆ.

ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಜೂನಿನಲ್ಲಿ ಬಟ್ಟೆ ಬಂದಾಗ ಅದು ಪೆಟ್ಟಿಗೆಯೊಳಗೆ ಕೂರದಿರಲಿ. ಅಂಚಿನಲ್ಲಿ ನಾಲ್ಕು ಅಂಗುಲ ಮಡಿಕೆ ಬಿಟ್ಟು ಹೊಲಿಯಿರಿ, ಅಥವಾ ಹಾಗೆ ಬಿಡಲು ದರ್ಜಿಗೆ ಹೇಳಿರಿ. ನಿಮ್ಮ ಮಗಳು ವರ್ಷದೊಳಗೆ ಬೆಳೆಯುತ್ತಾಳೆ. ಅವಳ ಓದು ಅವಳಿಗಿಂತ ಮೊದಲು ನಿಲ್ಲಬಾರದು.